ನಿಂತ ವಾಹನಗಳ ಬ್ಯಾಟರಿ ಸಂರಕ್ಷಣೆ: ಮೇಂಟೇನರ್ ಬಳಕೆಯ ಒಂದು ಅಧ್ಯಯನ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ವ್ಯಾಪಾರಸ್ಥರಾದ ನಾವು ಬಂಡವಾಳದ ವಿಷಯದಲ್ಲಿ ಆಗಾಗ್ಗೆ ಹೇಳುತ್ತಿರುತ್ತೇವೆ. ಈ ಮಾತು ಅಕ್ಷರಶಃ ಅನ್ವಯವಾಗುವ ಒಂದು ವಸ್ತು ನಮ್ಮ ಬಹುತೇಕ ಸದಸ್ಯರ ಶೆಡ್ಡಿನಲ್ಲಿಯೇ ಇದೆ. ಅದು ತಿಂಗಳುಗಟ್ಟಲೆ ನಿಂತ ವಾಹನದ ಬ್ಯಾಟರಿ. ದುಡಿಯದೆ ಕುಳಿತ ಬ್ಯಾಟರಿಯು ತನ್ನೊಳಗಿನ ವಿದ್ಯುತ್ತನ್ನು ತಾನೇ ಉಂಡು ಮುಗಿಸುತ್ತದೆ. ಮುಗಿದ ಮೇಲೆ ತಾನೂ ಹಾಳಾಗುತ್ತದೆ.

ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳು ಅರೆಯುವ ಹಂಗಾಮು ಮುಗಿದೊಡನೆ ನಿಲ್ಲುತ್ತವೆ. ಭತ್ತ ಕೊಯ್ಯುವ ಯಂತ್ರಗಳು ವರ್ಷದಲ್ಲಿ ಕೆಲವೇ ವಾರ ದುಡಿಯುತ್ತವೆ. ಗೋದಾಮಿನ ಅಂಗಳದಲ್ಲಿ ಟ್ರೇಲರ್ ಎಳೆಯಲು ಇಟ್ಟುಕೊಂಡ ಹಳೆಯ ಟ್ರ್ಯಾಕ್ಟರ್, ಹಿರಿಯರ ಕಾಲದ ಜೀಪು ಅಥವಾ ಅಂಬಾಸಿಡರ್ ಕಾರು, ಕಾರ್ಖಾನೆಯ ಜನರೇಟರ್ ಇವೆಲ್ಲವೂ ಇದೇ ವರ್ಗಕ್ಕೆ ಸೇರಿದವು. 2020ರ ಮಾರ್ಚ್ ಕೊನೆಯಲ್ಲಿ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಪ್ರತಿದಿನ ಓಡುತ್ತಿದ್ದ ವಾಹನಗಳೂ ವಾರಗಟ್ಟಲೆ ನಿಂತವು. ನಿರ್ಬಂಧ ಸಡಿಲವಾದಾಗ ಅನೇಕ ಮಾಲೀಕರು ಮೊದಲು ಹುಡುಕಿದ್ದು ಬ್ಯಾಟರಿ ಅಂಗಡಿಯನ್ನು.

ಸ್ಟಾರ್ಟ್ ಆಗದ ವಾಹನದಿಂದ ಆಗುವ ನಷ್ಟವು ಬ್ಯಾಟರಿಯ ಬೆಲೆಗೆ ಸೀಮಿತವಲ್ಲ. ಕಟಾವಿನ ತಂಡ ಗದ್ದೆಯಲ್ಲಿ ಕಾಯುತ್ತದೆ, ಕೂಲಿ ಕೊಡಲೇಬೇಕು, ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಇದನ್ನು ತಪ್ಪಿಸುವ ಉಪಕರಣವೇ ಬ್ಯಾಟರಿ ಮೇಂಟೇನರ್. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಬೇಕು, ಎಲ್ಲಿ ಬೇಡ, ಬಳಸುವಾಗ ಯಾವ ಎಚ್ಚರ ಅಗತ್ಯ ಎಂಬುದನ್ನು ಸದಸ್ಯರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

1. ಬ್ಯಾಟರಿಯ ಒಳಗೆ ನಡೆಯುವುದೇನು?

ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ವಿಜ್ಞಾನಿ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದರು. ಅಲ್ಲಿಂದ ಇಂದಿನವರೆಗೆ ಅದರ ಮೂಲತತ್ತ್ವ ಬದಲಾಗಿಲ್ಲ. ಒಂದು ಫಲಕದಲ್ಲಿ ಸೀಸದ ಡೈಆಕ್ಸೈಡ್, ಇನ್ನೊಂದರಲ್ಲಿ ಸೀಸ, ನಡುವೆ ನೀರು ಬೆರೆಸಿದ ಗಂಧಕಾಮ್ಲ. ವಿದ್ಯುತ್ ಹೊರಹೋದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆದು ಸಲ್ಫೇಟ್ ಕರಗಿ ಆಮ್ಲ ಮತ್ತೆ ಗಟ್ಟಿಯಾಗುತ್ತದೆ.

ಹೊಸದಾಗಿ ಕೂಡಿದ ಸಲ್ಫೇಟ್ ಮೃದುವಾಗಿದ್ದು ಸುಲಭವಾಗಿ ಕರಗುತ್ತದೆ. ಆದರೆ ಬ್ಯಾಟರಿಯನ್ನು ಅರ್ಧ ಖಾಲಿಯಾದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಅದೇ ಸಲ್ಫೇಟ್ ದಪ್ಪ ಹರಳುಗಳಾಗಿ ಗಟ್ಟಿಕಟ್ಟುತ್ತದೆ. ಇದನ್ನು ಸಲ್ಫೇಶನ್ ಎನ್ನುತ್ತಾರೆ. ಹೀಗೆ ಗಟ್ಟಿಯಾದ ಭಾಗವು ಮುಂದೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿಯಾಗಿ ಮರಳುವುದಿಲ್ಲ. ಅಷ್ಟರಮಟ್ಟಿಗೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗಿದಂತೆಯೇ ಸರಿ.

ಇಲ್ಲಿಂದ ಹೊರಡುವ ಮುಖ್ಯ ಪಾಠ ಇಷ್ಟು: ನಿಂತ ವಾಹನದ ಬ್ಯಾಟರಿ ಹಾಳಾಗುವುದು ದುಡಿದು ಸವೆದಿದ್ದರಿಂದಲ್ಲ, ಅರೆಹೊಟ್ಟೆಯಲ್ಲಿ ಬಹುಕಾಲ ನಿಂತದ್ದರಿಂದ. ಆದುದರಿಂದ ಅದನ್ನು ಸದಾ ಪೂರ್ಣ ಚಾರ್ಜಿನ ಸನಿಹದಲ್ಲಿ ಇಡುವುದೇ ಸಂರಕ್ಷಣೆಯ ಸಾರ.

2. ಸೋರಿಕೆಯ ಎರಡು ದಾರಿಗಳು

ಮೊದಲನೆಯದು ಬ್ಯಾಟರಿಯೊಳಗೇ ನಡೆಯುವ ಸ್ವಯಂ ಸೋರಿಕೆ. ಯಾವ ತಂತಿ ಜೋಡಿಸದಿದ್ದರೂ ಇದು ನಡೆಯುತ್ತದೆ. ನೀರು ಹಾಕುವ ಮಾದರಿಯ ಆಂಟಿಮನಿ ಮಿಶ್ರಿತ ಫಲಕಗಳ ಬ್ಯಾಟರಿಯಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತಿಂಗಳಿಗೆ ಶೇ. 5 ಅಥವಾ ಅದಕ್ಕೂ ಹೆಚ್ಚು ಸೋರಬಹುದು. ಬ್ಯಾಟರಿ ಹಳತಾದಷ್ಟೂ ಪ್ರಮಾಣ ಏರುತ್ತದೆ. ಕ್ಯಾಲ್ಸಿಯಂ ಮಿಶ್ರಿತ ಫಲಕಗಳ ಮುಚ್ಚಿದ ಬ್ಯಾಟರಿಯಲ್ಲಿ ಇದು ಶೇ. 2ರಿಂದ 3ರಷ್ಟು. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಸೋರಿಕೆ ಸುಮಾರು ಎರಡರಷ್ಟಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ, ವಿಜಯಪುರದಂತಹ ಜಿಲ್ಲೆಗಳ ಸದಸ್ಯರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ತಗಡಿನ ಶೆಡ್ಡಿನೊಳಗೆ ಉಷ್ಣತೆ ಹೊರಗಿಗಿಂತ ಹೆಚ್ಚಿರುವುದು ಎಲ್ಲರ ಅನುಭವ.

ಎರಡನೆಯದು ವಾಹನದ ಉಪಕರಣಗಳು ಎಳೆದುಕೊಳ್ಳುವ ವಿದ್ಯುತ್. ಗಡಿಯಾರ, ಜಿಪಿಎಸ್ ಉಪಕರಣ, ಅಲಾರಂ, ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ ಇವು ಕೀಲಿ ತೆಗೆದ ಮೇಲೂ ಅಲ್ಪ ವಿದ್ಯುತ್ ಬಳಸುತ್ತಲೇ ಇರುತ್ತವೆ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಇಂತಹ ಭಾರ ಬಹುತೇಕ ಇಲ್ಲ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ವಾಹನಗಳಲ್ಲಿ, 2023ರ ಜನವರಿಯಿಂದ ಹೊಸ ಮಾಲಿನ್ಯ ಮಾನದಂಡಕ್ಕೆ ಒಳಪಟ್ಟ 50 ಅಶ್ವಶಕ್ತಿಗೂ ಮೇಲ್ಪಟ್ಟ ಟ್ರ್ಯಾಕ್ಟರ್‌ಗಳಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಹೆಚ್ಚಾಗಿವೆ.

ಎರಡು ಉದಾಹರಣೆಗಳಿಂದ ವಿಷಯ ಸ್ಪಷ್ಟವಾಗುತ್ತದೆ.

ಉದಾಹರಣೆ ಅ: ಒಂದು ಹಳೆಯ ಟ್ರ್ಯಾಕ್ಟರ್‌ನಲ್ಲಿ 75 ಆಂಪಿಯರ್-ಗಂಟೆ ಸಾಮರ್ಥ್ಯದ ನೀರಿನ ಬ್ಯಾಟರಿ ಇದೆ ಎನ್ನೋಣ. 25 ಡಿಗ್ರಿಯಲ್ಲಿ ತಿಂಗಳಿಗೆ ಶೇ. 5 ಸೋರುವುದಾದರೆ 35 ಡಿಗ್ರಿಯಲ್ಲಿ ಶೇ. 10, ಅಂದರೆ 7.5 ಆಂಪಿಯರ್-ಗಂಟೆ ಸೋರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗಿನ ನಾಲ್ಕು ತಿಂಗಳಲ್ಲಿ 30 ಆಂಪಿಯರ್-ಗಂಟೆ, ಅಂದರೆ ಶೇ. 40ರಷ್ಟು ಖಾಲಿಯಾಗುತ್ತದೆ.

ಉದಾಹರಣೆ ಆ: ಅದೇ ಸಾಮರ್ಥ್ಯದ ಬ್ಯಾಟರಿ ಇರುವ ಹೊಸ ವಾಹನವೊಂದು ನಿಂತಾಗ 30 ಮಿಲಿ ಆಂಪಿಯರ್ ಎಳೆಯುತ್ತದೆ ಎನ್ನೋಣ. ದಿನಕ್ಕೆ 0.72 ಆಂಪಿಯರ್-ಗಂಟೆ. ಸ್ವಯಂ ಸೋರಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೂ 52 ದಿನಗಳಲ್ಲಿ ಬ್ಯಾಟರಿ ಅರ್ಧ ಖಾಲಿಯಾಗುತ್ತದೆ.

ಹಳೆಯ ಟ್ರ್ಯಾಕ್ಟರ್ ನಿಧಾನವಾಗಿ ಸೋರುತ್ತದೆ, ಹೊಸ ವಾಹನ ಬೇಗ ಸೋರುತ್ತದೆ. ಮದ್ದು ಎರಡಕ್ಕೂ ಒಂದೇ ಆಗಬೇಕಿಲ್ಲ ಎಂಬುದು ಮುಂದೆ ತಿಳಿದುಬರುತ್ತದೆ.

3. ಸ್ಥಿತಿಯನ್ನು ಅಳೆಯುವ ಬಗೆ

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು. ವಾಹನ ಓಡಿಸಿದ ಅಥವಾ ಚಾರ್ಜ್ ಮಾಡಿದ ಬಳಿಕ ಕನಿಷ್ಠ 6 ಗಂಟೆ ಬಿಟ್ಟು ಅಳೆಯಬೇಕು. 12 ವೋಲ್ಟ್ ಬ್ಯಾಟರಿಗೆ ಸ್ಥೂಲವಾದ ಸೂಚಿ ಹೀಗಿದೆ:

12.6 ವೋಲ್ಟ್ ಅಥವಾ ಹೆಚ್ಚು: ಪೂರ್ಣ
12.4 ವೋಲ್ಟ್: ಮುಕ್ಕಾಲು ಭಾಗ
12.2 ವೋಲ್ಟ್: ಅರ್ಧ
12.0 ವೋಲ್ಟ್: ಕಾಲು ಭಾಗ
11.9 ವೋಲ್ಟ್‌ಗಿಂತ ಕಡಿಮೆ: ಬಹುತೇಕ ಖಾಲಿ

12.4ಕ್ಕಿಂತ ಕೆಳಗಿಳಿದ ಬ್ಯಾಟರಿಯನ್ನು ಹಾಗೆಯೇ ಬಿಡಬಾರದು. ಹನ್ನೆರಡು ವೋಲ್ಟ್ ತೋರಿಸುತ್ತಿದೆ, ಚೆನ್ನಾಗಿದೆ ಎಂದು ಸಮಾಧಾನಪಡುವವರು ಅನೇಕರು. ವಾಸ್ತವದಲ್ಲಿ ಅದು ಮುಕ್ಕಾಲು ಪಾಲು ಖಾಲಿಯಾದ ಬ್ಯಾಟರಿ.

ನೀರಿನ ಬ್ಯಾಟರಿಯಲ್ಲಿ ಹೈಡ್ರೋಮೀಟರ್‌ನಿಂದ ಪ್ರತಿ ಸೆಲ್‌ನ ಆಮ್ಲ ಸಾಂದ್ರತೆಯನ್ನು ನೋಡುವುದು ಇನ್ನೂ ವಿಶ್ವಸನೀಯ. ಪೂರ್ಣ ಚಾರ್ಜಿನಲ್ಲಿ ಇದು ಸಾಮಾನ್ಯವಾಗಿ 1.265ರ ಆಸುಪಾಸು, ಉಷ್ಣ ಪ್ರದೇಶಕ್ಕೆಂದು ತುಂಬಿದ ಬ್ಯಾಟರಿಗಳಲ್ಲಿ 1.240ರ ಸುಮಾರಿನಲ್ಲಿಯೂ ಇರಬಹುದು. ಆದುದರಿಂದ ತಯಾರಕರ ಸೂಚನೆಯನ್ನೇ ಪ್ರಮಾಣವಾಗಿ ಹಿಡಿಯಬೇಕು. ಐದು ಸೆಲ್‌ಗಳು ಸಮನಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಸೆಲ್ ಕೆಟ್ಟಿದೆ ಎಂದರ್ಥ. ಅಂತಹ ಬ್ಯಾಟರಿಗೆ ಮೇಂಟೇನರ್ ಜೋಡಿಸುವುದು ನಿಷ್ಫಲ.

4. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡುವ ರೂಢಿ

ನಿಂತ ವಾಹನವನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿ ಉಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದನ್ನು ಲೆಕ್ಕಕ್ಕೆ ಒಡ್ಡಿ ನೋಡೋಣ.

ಸ್ಟಾರ್ಟರ್ ಮೋಟಾರು 250 ಆಂಪಿಯರ್‌ನಂತೆ 6 ಸೆಕೆಂಡ್ ಎಳೆದರೆ ಖರ್ಚಾಗುವುದು 0.42 ಆಂಪಿಯರ್-ಗಂಟೆ ಮಾತ್ರ. ಅದನ್ನು ಎಂಜಿನ್ ಕೆಲವೇ ನಿಮಿಷಗಳಲ್ಲಿ ತುಂಬಿಕೊಟ್ಟೀತು. ಆದರೆ ಉದಾಹರಣೆ ಆ-ದಲ್ಲಿನ ವಾಹನ ವಾರವಿಡೀ ನಿಂತು ಕಳೆದುಕೊಂಡದ್ದು 5 ಆಂಪಿಯರ್-ಗಂಟೆ. ಅದನ್ನು ಐದು ನಿಮಿಷದಲ್ಲಿ ತುಂಬಬೇಕಾದರೆ 60 ಆಂಪಿಯರ್ ಹರಿಯಬೇಕು. ನಿಧಾನಗತಿಯಲ್ಲಿ ತಿರುಗುವ ಆಲ್ಟರ್ನೇಟರ್ ಅಷ್ಟನ್ನು ಕೊಡಲಾರದು, ತುಂಬುತ್ತ ಬಂದ ಬ್ಯಾಟರಿ ಅಷ್ಟನ್ನು ಸ್ವೀಕರಿಸಲಾರದು. ಡೈನಮೋ ಇರುವ ಹಳೆಯ ಟ್ರ್ಯಾಕ್ಟರ್‌ನಲ್ಲಿ ಸ್ಥಿತಿ ಇನ್ನೂ ಕಷ್ಟ. ಎಂಜಿನ್ ವೇಗ ಒಂದು ಮಿತಿ ದಾಟುವವರೆಗೆ ಡೈನಮೋ ಬ್ಯಾಟರಿಗೆ ಏನನ್ನೂ ಕೊಡುವುದಿಲ್ಲ. ಜೊತೆಗೆ, ಪೂರ್ತಿ ಬಿಸಿಯಾಗದೆ ನಿಂತ ಎಂಜಿನ್ನಿನಲ್ಲಿ ತೇವಾಂಶ ಉಳಿದು ಎಣ್ಣೆ ಕೆಡುತ್ತದೆ. ಸ್ಟಾರ್ಟ್ ಮಾಡಲೇಬೇಕಾದರೆ ವಾಹನವನ್ನು ಅರ್ಧ ಗಂಟೆಗೂ ಹೆಚ್ಚು ಕಾಲ ನಿಜವಾಗಿ ಓಡಿಸುವುದು ಲೇಸು.

ಹಳ್ಳಿಗಳಲ್ಲಿ ರೂಢಿಯಲ್ಲಿರುವ ಇನ್ನೊಂದು ಉಪಾಯ, ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ ಬೆಳಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವುದು. ಇದು ಬ್ಯಾಟರಿಯ ರೋಗವನ್ನು ಮರೆಮಾಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಅಡ್ಡಕ್ಕೆ ಇಟ್ಟ ಒಂದು ಕಲ್ಲನ್ನು ನಂಬಿ ನಿಂತ ಟ್ರ್ಯಾಕ್ಟರ್ ಜನರಿರುವ ಅಂಗಳದಲ್ಲಿ ಅಪಾಯಕಾರಿ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

5. ಚಾರ್ಜರ್, ಟ್ರಿಕಲ್ ಚಾರ್ಜರ್, ಮೇಂಟೇನರ್: ವ್ಯತ್ಯಾಸ

ಸಾಮಾನ್ಯ ಚಾರ್ಜರ್ ಖಾಲಿಯಾದ ಬ್ಯಾಟರಿಯನ್ನು ತುಂಬುವ ಸಾಧನ. ಕೆಲಸ ಮುಗಿದೊಡನೆ ಅದನ್ನು ಕಳಚಬೇಕು. ಟ್ರಿಕಲ್ ಚಾರ್ಜರ್ ಎಂಬ ಹಳೆಯ ಮಾದರಿಯು ಸಣ್ಣ ಪ್ರಮಾಣದ ವಿದ್ಯುತ್ತನ್ನು ನಿರಂತರ ಹರಿಸುತ್ತದೆ, ಬ್ಯಾಟರಿ ತುಂಬಿದ ಮೇಲೂ ನಿಲ್ಲಿಸುವುದಿಲ್ಲ. ವಾರಗಟ್ಟಲೆ ಬಿಟ್ಟರೆ ನೀರು ಆವಿಯಾಗಿ ಫಲಕಗಳು ತೆರೆದುಕೊಳ್ಳುತ್ತವೆ. ಉಳಿಸಲು ಹೋಗಿ ಕೆಡಿಸಿದಂತಾಗುತ್ತದೆ.

ಮೇಂಟೇನರ್ ಇವೆರಡಕ್ಕಿಂತ ಭಿನ್ನ. ಅದು ಬ್ಯಾಟರಿಯ ವೋಲ್ಟೇಜನ್ನು ಅಳೆಯುತ್ತ ತನ್ನ ಹರಿವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಮೊದಲು ಸುಮಾರು 14.4 ವೋಲ್ಟ್‌ವರೆಗೆ ಏರಿಸಿ ಪೂರ್ಣ ತುಂಬುತ್ತದೆ, ಬಳಿಕ 13.5ರಿಂದ 13.8 ವೋಲ್ಟ್‌ಗೆ ಇಳಿದು ಸೋರಿಕೆಯಷ್ಟನ್ನು ಮಾತ್ರ ಮರಳಿ ಕೊಡುತ್ತದೆ. ಈ ಎರಡನೆಯ ಹಂತಕ್ಕೆ ಫ್ಲೋಟ್ ಎಂದು ಹೆಸರು. ಹೊಲದ ಮಡಿಯಲ್ಲಿ ಇಂಗಿದಷ್ಟೇ ನೀರು ಬಿಟ್ಟು ಮಟ್ಟ ಕಾಯುವ ರೈತನ ಕೆಲಸದಂತೆ ಇದು.

ಖರೀದಿಸುವಾಗ ಗಮನಿಸಬೇಕಾದ ಅಂಶಗಳು:

(ಅ) ಫ್ಲೋಟ್ ಹಂತಕ್ಕೆ ತಾನಾಗಿ ಇಳಿಯುವ ವ್ಯವಸ್ಥೆ ಇರಬೇಕು. ಪೆಟ್ಟಿಗೆಯ ಮೇಲಿನ ಮಾತನ್ನಷ್ಟೇ ನಂಬದೆ, ಜೋಡಿಸಿದ ಮೂರು ದಿನದ ಬಳಿಕ ಮೀಟರ್‌ನಿಂದ ಅಳೆದು ನೋಡಬೇಕು. ಆಗಲೂ 14 ವೋಲ್ಟ್‌ಗಿಂತ ಹೆಚ್ಚು ನಿರಂತರವಾಗಿ ತೋರಿದರೆ ಅದು ಮೇಂಟೇನರ್ ಅಲ್ಲ.

(ಆ) 75ರಿಂದ 100 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಕಾಯ್ದುಕೊಳ್ಳಲು 1 ಆಂಪಿಯರ್‌ನ ಸಾಧನ ಸಾಕು. ಆದರೆ ಖಾಲಿಯಾದ ಬ್ಯಾಟರಿಯನ್ನು ತುಂಬಲು ಅದು ತಕ್ಕದ್ದಲ್ಲ. ಅರ್ಧ ಖಾಲಿಯಾದದ್ದನ್ನು ತುಂಬಲು ಎರಡು ದಿನ ಹಿಡಿದೀತು. ಮೊದಲು ಸಾಮಾನ್ಯ ಚಾರ್ಜರ್‌ನಿಂದ, ಸಾಮರ್ಥ್ಯದ ಹತ್ತನೇ ಒಂದರಷ್ಟು ಆಂಪಿಯರ್‌ನಲ್ಲಿ ಪೂರ್ಣವಾಗಿ ತುಂಬಿಸಿ ಆಮೇಲೆ ಮೇಂಟೇನರ್ ಜೋಡಿಸಬೇಕು.

(ಇ) ಉಷ್ಣತೆಗೆ ತಕ್ಕಂತೆ ವೋಲ್ಟೇಜ್ ಹೊಂದಿಸುವ ವ್ಯವಸ್ಥೆ ಇದ್ದರೆ ಉತ್ತಮ. 12 ವೋಲ್ಟ್ ಬ್ಯಾಟರಿಯಲ್ಲಿ 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ ಸುಮಾರು 20 ಮಿಲಿವೋಲ್ಟ್ ತಗ್ಗಿಸಬೇಕು. 40 ಡಿಗ್ರಿಯಲ್ಲಿ 13.6ರ ಬದಲು 13.3 ವೋಲ್ಟ್ ಸಾಕಾಗುತ್ತದೆ. ಶೀತ ದೇಶಗಳಿಗೆಂದು ತಯಾರಾದ ಸಾಧನವನ್ನು ನಮ್ಮ ಬೇಸಿಗೆಯಲ್ಲಿ ಹಾಗೆಯೇ ಬಳಸಿದರೆ ಅತಿ ಚಾರ್ಜ್ ಆಗುವ ಸಂಭವವಿದೆ.

(ಈ) ಪ್ಲಸ್-ಮೈನಸ್ ಅದಲುಬದಲಾದರೂ, ಕೊಂಡಿಗಳು ಪರಸ್ಪರ ತಾಗಿದರೂ ರಕ್ಷಣೆ ಇರಬೇಕು.

6. ಹಳೆಯ ವಾಹನಗಳ ವಿಶೇಷ ಎಚ್ಚರಗಳು

ಹಳೆಯ ವಾಹನಗಳೆಲ್ಲ 12 ವೋಲ್ಟ್‌ನವು ಎಂದು ಭಾವಿಸಬಾರದು. 1947ರಿಂದ 1952ರವರೆಗೆ ಅಮೆರಿಕದಲ್ಲಿ ತಯಾರಾದ ಫೋರ್ಡ್ 8ಎನ್ ಟ್ರ್ಯಾಕ್ಟರ್ 6 ವೋಲ್ಟ್‌ನದು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪು ಕೂಡ ಮೂಲತಃ 6 ವೋಲ್ಟ್‌ನದೇ. ಇಂತಹ ವಾಹನಕ್ಕೆ 12 ವೋಲ್ಟ್ ಮೇಂಟೇನರ್ ಜೋಡಿಸಿದರೆ ಬ್ಯಾಟರಿ ಕುದಿದು ಹಾಳಾಗುತ್ತದೆ. ಇದಕ್ಕೆ 6 ವೋಲ್ಟ್ ಆಯ್ಕೆ ಇರುವ ಸಾಧನವೇ ಬೇಕು. ಮುಚ್ಚಳಗಳನ್ನು ಎಣಿಸಿದರೆ ವಿಷಯ ತಿಳಿಯುತ್ತದೆ: ಮೂರು ಸೆಲ್ ಇದ್ದರೆ 6 ವೋಲ್ಟ್, ಆರು ಇದ್ದರೆ 12 ವೋಲ್ಟ್.

ಇನ್ನೊಂದು ವಿಶೇಷವೆಂದರೆ ಪ್ಲಸ್ ಅರ್ಥ್. ಇಂದಿನ ವಾಹನಗಳಲ್ಲಿ ಮೈನಸ್ ತುದಿಯನ್ನು ಚಾಸಿಗೆ ಜೋಡಿಸಿರುತ್ತಾರೆ. ಮೇಲೆ ಹೇಳಿದ ಫೋರ್ಡ್ 8ಎನ್ ಟ್ರ್ಯಾಕ್ಟರ್‌ನಲ್ಲಿಯೂ, 1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ವಾಹನಗಳಲ್ಲಿಯೂ ಚಾಸಿಗೆ ಸೇರಿರುವುದು ಪ್ಲಸ್ ತುದಿ. ಚಾಸಿ ಎಂದರೆ ಮೈನಸ್ ಎಂಬ ಅಭ್ಯಾಸಬಲದಿಂದ ಕಪ್ಪು ಕೊಂಡಿಯನ್ನು ಅಲ್ಲಿಗೆ ಹಾಕಿದರೆ ಎಲ್ಲವೂ ತಲೆಕೆಳಗಾಗುತ್ತದೆ. ನಿಯಮ ಸರಳ: ಕೆಂಪು ಕೊಂಡಿ ಯಾವಾಗಲೂ ಬ್ಯಾಟರಿಯ ಪ್ಲಸ್ ಬದಿಗೆ, ಕಪ್ಪು ಕೊಂಡಿ ಯಾವಾಗಲೂ ಮೈನಸ್ ಬದಿಗೆ. ಅರ್ಥ್ ಯಾವುದು ಎಂಬುದನ್ನು ವಾಹನದ ಬಣ್ಣ ಬಳಿದ ತಂತಿಯಿಂದಲ್ಲ, ಬ್ಯಾಟರಿಯ ಮೇಲೆ ಅಚ್ಚಾದ ಗುರುತಿನಿಂದ ನಿರ್ಧರಿಸಬೇಕು.

ಹಳೆಯ ವಾಹನಗಳ ತಂತಿಗಳ ಬಟ್ಟೆ ಅಥವಾ ರಬ್ಬರ್ ಹೊದಿಕೆ ಜೀರ್ಣವಾಗಿರುತ್ತದೆ. ಮೇಂಟೇನರ್‌ನ ತಂತಿಯನ್ನು ವಾಹನದ ವೈರಿಂಗ್‌ಗೆ ಸೇರಿಸದೆ ನೇರವಾಗಿ ಬ್ಯಾಟರಿಗೇ ಜೋಡಿಸಿ, ಬ್ಯಾಟರಿಯ ಬದಿಯಲ್ಲಿ ಒಂದು ಫ್ಯೂಸ್ ಇರಿಸುವುದು ಕ್ಷೇಮ.

7. ಜೋಡಿಸುವ ಕ್ರಮ

ಮೊದಲು ನೀರಿನ ಮಟ್ಟ ನೋಡಬೇಕು. ಫಲಕಗಳು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬ್ಯಾಟರಿಗೆ ಬಳಸುವ ನೀರಿನ ಶುದ್ಧತೆಗೆ ಭಾರತೀಯ ಮಾನಕ ಐಎಸ್ 1069 ಇದೆ. ಕೊಳವೆಬಾವಿಯ ನೀರಿನಲ್ಲಿರುವ ಕ್ಲೋರೈಡ್ ಮತ್ತು ಕಬ್ಬಿಣದ ಅಂಶಗಳು ಫಲಕಗಳನ್ನು ಕೆಡಿಸಿ ಸ್ವಯಂ ಸೋರಿಕೆಯನ್ನು ಹೆಚ್ಚಿಸುತ್ತವೆ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ, ಮುಚ್ಚಳಗಳು ಬಿಗಿಯಾಗಿರುವಾಗ, ತೊಳೆದು ಒರೆಸಿ ವ್ಯಾಸಲಿನ್ ಸವರಬೇಕು. ಬ್ಯಾಟರಿಯ ಮೇಲ್ಮೈಯಲ್ಲಿ ಕೂತ ಆಮ್ಲ ಮಿಶ್ರಿತ ಧೂಳೂ ಸೋರಿಕೆಗೆ ದಾರಿಯಾಗುತ್ತದೆ.

ಮೇಂಟೇನರನ್ನು ಗೋಡೆಯ ಸ್ವಿಚ್‌ಗೆ ಹಾಕುವ ಮೊದಲೇ ಕೊಂಡಿಗಳನ್ನು ಜೋಡಿಸಬೇಕು. ಅರ್ಥ್ ಅಲ್ಲದ ತುದಿಗೆ ಮೊದಲ ಕೊಂಡಿ. ಎರಡನೆಯದು ಬ್ಯಾಟರಿಯಿಂದ ದೂರದ ಬಣ್ಣವಿಲ್ಲದ ಚಾಸಿ ಭಾಗಕ್ಕೆ. ಕೊನೆಯಲ್ಲಿ ಸ್ವಿಚ್ ಹಾಕಬೇಕು. ತೆಗೆಯುವಾಗ ಇದೇ ಕ್ರಮ ತಿರುವುಮುರುವು: ಮೊದಲು ಸ್ವಿಚ್, ಆಮೇಲೆ ಚಾಸಿಯ ಕೊಂಡಿ.

ಈ ಕ್ರಮ ಕೇವಲ ಶಿಷ್ಟಾಚಾರವಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ; ಗಾಳಿಯಲ್ಲಿ ಅದು ಶೇ. 4 ಮುಟ್ಟಿದರೆ ಒಂದು ಕಿಡಿ ಸಾಕು. ಕೆಲವು ವರ್ಷಗಳ ಹಿಂದೆ ಈ ಲೇಖಕನ ಗೋದಾಮಿನ ಅಂಗಳದಲ್ಲಿ ಐದು ತಿಂಗಳಿನಿಂದ ನಿಂತಿದ್ದ ಹಳೆಯ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲಿಲ್ಲ. ಸರಕು ಹೊತ್ತ ಟ್ರೇಲರ್ ಕಾಯುತ್ತಿತ್ತು, ಅವಸರ ನಮ್ಮದು. ರಾತ್ರಿಯೆಲ್ಲ ಚಾರ್ಜರ್ ಹಾಕಿದ್ದರೂ ಏಳದ ಬ್ಯಾಟರಿಗೆ ಬೆಳಗ್ಗೆ ಲಾರಿಯಿಂದ ಕೇಬಲ್ ಎಳೆದು, ಕೊನೆಯ ಕೊಂಡಿಯನ್ನು ಬ್ಯಾಟರಿಯ ಟರ್ಮಿನಲ್ ಮೇಲೆಯೇ ತಾಗಿಸಿದರು. ಕಿಡಿ ಹಾರಿ ಒಂದು ಸೆಲ್‌ನ ಮೇಲ್ಭಾಗ ಸಿಡಿಯಿತು. ಚಾಲಕನ ಮುಖಕ್ಕೆ ಆಸಿಡ್ ಎರಚಿತು. ಪಕ್ಕದಲ್ಲಿಯೇ ಇದ್ದ ನೀರಿನ ತೊಟ್ಟಿಯಿಂದ ಬಹಳ ಹೊತ್ತು ಕಣ್ಣು ತೊಳೆದು ಆಸ್ಪತ್ರೆಗೆ ಒಯ್ದುದರಿಂದ ದೃಷ್ಟಿ ಉಳಿಯಿತು. ಅಂದು ತಪ್ಪಿದ್ದು ಚಾಲಕನಲ್ಲ, ಐದು ತಿಂಗಳು ಆ ಬ್ಯಾಟರಿಯತ್ತ ತಿರುಗಿಯೂ ನೋಡದ ಮಾಲೀಕನಾದ ನಾನು. ಬ್ಯಾಟರಿ ಸಂರಕ್ಷಣೆಯನ್ನು ಹಣದ ವಿಷಯವೆಂದಷ್ಟೇ ನೋಡಬಾರದು ಎಂದು ನಾನು ಕಲಿತದ್ದು ಹೀಗೆ. ಇಂದಿಗೂ ನಮ್ಮ ಶೆಡ್ಡಿನಲ್ಲಿ ಬ್ಯಾಟರಿ ಇರುವ ಮೂಲೆಯಲ್ಲಿ ಕನ್ನಡಕ, ಕೈಗವಸು ಮತ್ತು ತುಂಬಿದ ನೀರಿನ ಬಕೆಟ್ ಇರಲೇಬೇಕೆಂಬ ನಿಯಮವಿದೆ.

ಆದುದರಿಂದ ಗಾಳಿಯಾಡುವ ಸ್ಥಳದಲ್ಲಿಯೇ ಚಾರ್ಜ್ ಮಾಡಬೇಕು. ಹತ್ತಿರ ಬೀಡಿ, ಬೆಂಕಿ, ವೆಲ್ಡಿಂಗ್ ಕೆಲಸ ಕೂಡದು.

8. ವಿದ್ಯುತ್ ಪೂರೈಕೆ ಇಲ್ಲದ ಕಡೆ

ನಿರಂತರ ಜ್ಯೋತಿ ಯೋಜನೆಯಡಿ ಫೀಡರ್ ಬೇರ್ಪಡಿಸಿದ ಗ್ರಾಮಗಳಲ್ಲಿ ಮನೆಯ ಬಳಿಯ ಶೆಡ್ಡಿಗೆ ವಿದ್ಯುತ್ ಕೊರತೆ ಕಡಿಮೆ. ತೋಟದ ಶೆಡ್ಡಿಗೆ ಪಂಪ್‌ಸೆಟ್ ಫೀಡರ್‌ನಿಂದ ಬರುವ ವಿದ್ಯುತ್ ಕೆಲವು ಗಂಟೆಗಳದ್ದು ಮಾತ್ರ. ಅಲ್ಪಕಾಲದ ವಿದ್ಯುತ್ ಕಡಿತದಿಂದ ಮೇಂಟೇನರ್ ಬಳಕೆಗೆ ಬಾಧೆಯಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ದೊರೆತರೂ ಸೋರಿಕೆ ತುಂಬುತ್ತದೆ. ಆದರೆ ವಿದ್ಯುತ್ ಮರಳಿದಾಗ ತಾನಾಗಿ ಚಾಲೂ ಆಗುವ ಮಾದರಿಯನ್ನೇ ಆರಿಸಬೇಕು. ಗುಂಡಿ ಒತ್ತಿದರೆ ಮಾತ್ರ ಆರಂಭವಾಗುವ ಸಾಧನ ಇಲ್ಲಿ ಉಪಯೋಗವಿಲ್ಲ.

ವಿದ್ಯುತ್ತೇ ಇಲ್ಲದ ಕಡೆ 10 ವ್ಯಾಟ್‌ನ ಸೌರ ಫಲಕವೊಂದನ್ನು ಕಂಟ್ರೋಲರ್ ಮೂಲಕ ಜೋಡಿಸಬಹುದು. ಒಳ್ಳೆಯ ಬಿಸಿಲಿನಲ್ಲಿ ಅದು ದಿನಕ್ಕೆ 2ರಿಂದ 3 ಆಂಪಿಯರ್-ಗಂಟೆ ಕೊಡುತ್ತದೆ. ಮೇಲಿನ ಎರಡೂ ಉದಾಹರಣೆಗಳ ಸೋರಿಕೆಗೆ ಇದು ಸಾಕಷ್ಟಾಯಿತು.

ಇವೆರಡೂ ಅನುಕೂಲವಿಲ್ಲದಿದ್ದರೆ ಅತಿ ಸರಳ ಮಾರ್ಗ ಉಂಟು. ಅರ್ಥ್ ತುದಿಯನ್ನು ಕಳಚಿಡುವುದು, ಅಥವಾ ಅಲ್ಲೊಂದು ಐಸೊಲೇಟರ್ ಸ್ವಿಚ್ ಹಾಕಿಸಿ ತಿಂಗಳಿಗೊಮ್ಮೆ ಸಾಮಾನ್ಯ ಚಾರ್ಜರ್‌ನಿಂದ ಪೂರ್ಣ ತುಂಬಿಸುವುದು. ಎಲೆಕ್ಟ್ರಾನಿಕ್ ಭಾಗಗಳಿಲ್ಲದ ಹಳೆಯ ಟ್ರ್ಯಾಕ್ಟರ್ ಒಂದೇ ಇರುವವರಿಗೆ, ಶಿಸ್ತು ಪಾಲಿಸುವುದಾದರೆ, ಮೇಂಟೇನರ್‌ನ ಬಹುಪಾಲು ಲಾಭ ಇದರಿಂದಲೇ ದೊರೆಯುತ್ತದೆ. ಎಂಜಿನ್ ಓಡುತ್ತಿರುವಾಗ ಮಾತ್ರ ಎಂದಿಗೂ ಬ್ಯಾಟರಿ ಕಳಚಬಾರದು. ಆಲ್ಟರ್ನೇಟರ್‌ನ ಡಯೋಡ್‌ಗಳು ಸುಡುತ್ತವೆ.

ಕಳಚಿ ಒಳಗಿಟ್ಟ ಬ್ಯಾಟರಿ ಸಿಮೆಂಟ್ ನೆಲದ ಮೇಲಿದ್ದರೆ ಖಾಲಿಯಾಗುತ್ತದೆ ಎಂಬ ಮಾತು ಹಳೆಯ ಕಾಲದ ಪೆಟ್ಟಿಗೆಗಳಿಗೆ ಸಂಬಂಧಿಸಿದ್ದು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಅದು ಅನ್ವಯಿಸದು. ತಂಪಾದ, ಒಣ ಸ್ಥಳ ಮುಖ್ಯ.

9. ಹಲವು ವಾಹನಗಳು ಮತ್ತು ಜನರೇಟರ್

ನಾಲ್ಕೈದು ವಾಹನಗಳಿರುವ ಸದಸ್ಯರು ಪ್ರತಿಯೊಂದಕ್ಕೂ ಸಾಧನ ಕೊಳ್ಳಬೇಕಿಲ್ಲ. ಎಲೆಕ್ಟ್ರಾನಿಕ್ ಭಾರವಿಲ್ಲದ ವಾಹನಗಳಿಗೆ ಒಂದೇ ಮೇಂಟೇನರನ್ನು ತಿಂಗಳಲ್ಲಿ ಐದಾರು ದಿನಗಳಂತೆ ಸರದಿಯ ಮೇಲೆ ಬಳಸಬಹುದು. ಹಳೆಯ ಮತ್ತು ಹೊಸ ಬ್ಯಾಟರಿಗಳನ್ನು ಒಟ್ಟಿಗೆ ಜೋಡಿಸಿ ಒಂದೇ ಸಾಧನಕ್ಕೆ ಹಾಕಕೂಡದು. ಕೆಟ್ಟದ್ದು ಒಳ್ಳೆಯದನ್ನೂ ಎಳೆದುಕೊಂಡು ಹೋಗುತ್ತದೆ. ಎರಡು ಬ್ಯಾಟರಿಗಳ 24 ವೋಲ್ಟ್ ಲಾರಿ-ಟಿಪ್ಪರ್‌ಗಳಿಗೆ 24 ವೋಲ್ಟ್ ಸಾಧನವೇ ಆಗಬೇಕು.

ಜನರೇಟರ್ ಬಗ್ಗೆ ಒಂದು ಮಾತು. ವಿದ್ಯುತ್ ಪೂರೈಕೆ ಸುಧಾರಿಸಿದಷ್ಟೂ ಜನರೇಟರ್ ಓಡುವುದು ಕಡಿಮೆಯಾಗುತ್ತದೆ. ಓಡುವುದು ಕಡಿಮೆಯಾದಷ್ಟೂ ಅದರ ಬ್ಯಾಟರಿ ದುರ್ಬಲವಾಗುತ್ತದೆ. ಬೇಕಾದ ದಿನವೇ ಅದು ಕೈಕೊಡುವುದು ಈ ಕಾರಣಕ್ಕೆ. ಜನರೇಟರ್‌ನ ಪ್ಯಾನೆಲ್ಲಿನಲ್ಲಿ ಚಾರ್ಜರ್ ಅಳವಡಿಸಿದ್ದರೆ ಅದು ಚಾಲೂ ಇದೆಯೇ, ಎಷ್ಟು ವೋಲ್ಟ್ ಕೊಡುತ್ತಿದೆ ಎಂದು ಸದಸ್ಯರು ಇಂದೇ ಪರೀಕ್ಷಿಸಬಹುದು.

10. ಖರ್ಚು-ಉಳಿತಾಯ

ಕೆಳಗಿನವು ಲೆಕ್ಕದ ಅನುಕೂಲಕ್ಕಾಗಿ ಹಿಡಿದ ಅಂಕಿಗಳು. ಸದಸ್ಯರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬೇಕು. ಬ್ಯಾಟರಿಯ ಬೆಲೆ ರೂ. 7,000, ಮೇಂಟೇನರ್ ರೂ. 2,500 ಎನ್ನೋಣ. ಲಕ್ಷ್ಯವಿಲ್ಲದೆ ಬಿಟ್ಟಾಗ ಬ್ಯಾಟರಿ 2 ವರ್ಷ, ಕಾಯ್ದುಕೊಂಡರೆ 4 ವರ್ಷ ಬಾಳುತ್ತದೆ ಎಂದು ಹಿಡಿದರೆ ವಾರ್ಷಿಕ ವೆಚ್ಚ ರೂ. 3,500ರಿಂದ ರೂ. 1,750ಕ್ಕೆ ಇಳಿಯುತ್ತದೆ. ಸಾಧನವು ಸರಾಸರಿ 5 ವ್ಯಾಟ್ ಬಳಸಿದರೆ ತಿಂಗಳಿಗೆ 3.6 ಯೂನಿಟ್, ನಾಲ್ಕು ತಿಂಗಳಿಗೆ 14.4 ಯೂನಿಟ್, ಯೂನಿಟ್‌ಗೆ ರೂ. 8ರಂತೆ ಸುಮಾರು ರೂ. 115. ನಿವ್ವಳ ಉಳಿತಾಯ ವರ್ಷಕ್ಕೆ ರೂ. 1,635. ಸಾಧನದ ಬೆಲೆ ಒಂದೂವರೆ ವರ್ಷದಲ್ಲಿ ಮರಳುತ್ತದೆ. ಎರಡು-ಮೂರು ವಾಹನಗಳು ಸರದಿಯಲ್ಲಿ ಬಳಸಿದರೆ ಮೊದಲ ವರ್ಷದಲ್ಲಿಯೇ ಮರಳುತ್ತದೆ. ಕೆಲಸ ನಿಂತ ದಿನದ ನಷ್ಟವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

11. ಕೆಟ್ಟ ಬ್ಯಾಟರಿಯ ವಿಲೇವಾರಿ

ಎಷ್ಟು ಕಾಯ್ದರೂ ಬ್ಯಾಟರಿಗೆ ಒಂದು ಕೊನೆ ಉಂಟು. 2001ರ ನಿಯಮಗಳ ಸ್ಥಾನದಲ್ಲಿ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಬಳಕೆದಾರರು ಹಳೆಯ ಬ್ಯಾಟರಿಯನ್ನು ಇತರ ಕಸದೊಂದಿಗೆ ಸೇರಿಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದ ಸಂಸ್ಥೆಗೇ ಒಪ್ಪಿಸಬೇಕು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೆ ಮರಳಿಸಿ ರಸೀದಿ ಪಡೆಯುವುದು ಸುಲಭ ಮಾರ್ಗ. ಆಮ್ಲವನ್ನು ಚರಂಡಿಗೆ ಸುರಿದು ಸೀಸವನ್ನು ಮಾತ್ರ ಗುಜರಿಗೆ ಮಾರುವುದು ನಿಯಮಬಾಹಿರವೂ ಹೌದು, ನಮ್ಮದೇ ಬಾವಿಯ ನೀರಿಗೆ ವಿಷ ಬೆರೆಸಿದಂತೆಯೂ ಹೌದು.

ಉಪಸಂಹಾರ

ಈ ಅಧ್ಯಯನದ ಸಾರವನ್ನು ಹೀಗೆ ಹೇಳಬಹುದು. ವಾಹನ ನಿಲ್ಲಿಸುವ ದಿನವೇ ಬ್ಯಾಟರಿಯನ್ನು ಪೂರ್ಣ ತುಂಬಿಸಬೇಕು. ಎಲೆಕ್ಟ್ರಾನಿಕ್ ಭಾಗಗಳಿರುವ ವಾಹನಕ್ಕೂ ಜನರೇಟರ್‌ಗೂ ನಿರಂತರ ಮೇಂಟೇನರ್ ಇರಲಿ. ಹಳೆಯ ಟ್ರ್ಯಾಕ್ಟರ್‌ಗೆ ಸರದಿಯ ಮೇಂಟೇನರ್, ಅಥವಾ ಕಳಚಿದ ಅರ್ಥ್ ಮತ್ತು ತಿಂಗಳಿಗೊಂದು ಚಾರ್ಜ್ ಸಾಕು. ವೋಲ್ಟ್ ಮತ್ತು ಅರ್ಥ್ ಯಾವುದೆಂದು ನೋಡದೆ ಯಾವ ಸಾಧನವನ್ನೂ ಜೋಡಿಸಬಾರದು.

ಎಲ್ಲಕ್ಕಿಂತ ಮೇಲಾಗಿ ಶೆಡ್ಡಿನ ಗೋಡೆಗೆ ಒಂದು ಪುಸ್ತಕ ತೂಗುಹಾಕಿ, ಪ್ರತಿ ತಿಂಗಳ ಮೊದಲ ದಿನ ಪ್ರತಿ ವಾಹನದ ವೋಲ್ಟೇಜ್ ಮತ್ತು ನೀರಿನ ಮಟ್ಟವನ್ನು ಬರೆದಿಡುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ರೋಜು ಕೀರ್ದಿ ಬರೆಯದ ಅಂಗಡಿಯಲ್ಲಿ ಸೋರಿಕೆ ಎಲ್ಲಿ ಎಂದು ತಿಳಿಯುವುದಿಲ್ಲ. ಶೆಡ್ಡಿನ ವಿಷಯದಲ್ಲಿಯೂ ಅಷ್ಟೇ. ತಿಂಗಳಿಗೆ ಹತ್ತು ನಿಮಿಷದ ಈ ಕೆಲಸ ಹಂಗಾಮಿನ ಮೊದಲ ಬೆಳಗ್ಗೆ ಒಂದು ದಿನದ ದುಡಿಮೆಯನ್ನು, ಒಮ್ಮೊಮ್ಮೆ ಒಬ್ಬರ ಕಣ್ಣನ್ನು ಉಳಿಸುತ್ತದೆ.